ಆ್ಯಪ್ ಹಿಡಿದಿರುವ ಜಾಗ ಎಷ್ಟು? ಸ್ಟೋರೇಜ್ ಮತ್ತು ಕ್ಯಾಶ್ ಗಾತ್ರವನ್ನು ಕೋಡ್‌ನಿಂದ ಪಡೆಯುವ ಕ್ರಮ

ಫೋನಿನಲ್ಲಿ ಜಾಗ ತುಂಬಿದೆ ಎಂಬ ಸೂಚನೆ ಬಂದ ಕೂಡಲೇ ಬಳಕೆದಾರರು ತೆರೆಯುವುದು ಸೆಟ್ಟಿಂಗ್ಸ್‌ನಲ್ಲಿರುವ ಆ್ಯಪ್‌ಗಳ ಪಟ್ಟಿಯನ್ನು. ಅಲ್ಲಿ ಯಾವ ಹೆಸರಿನ ಮುಂದೆ ದೊಡ್ಡ ಸಂಖ್ಯೆ ಕಾಣುತ್ತದೆಯೋ ಆ ಆ್ಯಪ್ ಮೊದಲು ಹೊರಬೀಳುತ್ತದೆ. ಹೀಗಾಗದಿರಲು ಒಳ್ಳೆಯ ಉಪಾಯವೆಂದರೆ, ಆ್ಯಪ್ ಎಷ್ಟು ಜಾಗ ಹಿಡಿದಿದೆ, ಅದರಲ್ಲಿ ಅಳಿಸಿದರೂ ನಷ್ಟವಿಲ್ಲದ ಕ್ಯಾಶ್ ಎಷ್ಟು, ಬಳಕೆದಾರರು ತಾವೇ ಉಳಿಸಿಕೊಂಡದ್ದು ಎಷ್ಟು ಎಂಬುದನ್ನು ಆ್ಯಪ್‌ನೊಳಗೇ ಒಂದು ಪುಟದಲ್ಲಿ ಪ್ರಾಮಾಣಿಕವಾಗಿ ತೋರಿಸುವುದು. ಕೇಳಲು ಸುಲಭವೆನಿಸುವ ಈ ಕೆಲಸದಲ್ಲಿ ತಪ್ಪುಗಳು ನುಸುಳುವುದು ಬಹಳ ಸಾಮಾನ್ಯ. ಆ್ಯಪ್ ತೋರಿಸುವ ಸಂಖ್ಯೆ ಒಂದು, ಸೆಟ್ಟಿಂಗ್ಸ್ ತೋರಿಸುವ ಸಂಖ್ಯೆ ಇನ್ನೊಂದು ಎಂದಾದರೆ ಬಳಕೆದಾರರು ನಂಬುವುದು ಸೆಟ್ಟಿಂಗ್ಸನ್ನೇ ಹೊರತು ನಮ್ಮನ್ನಲ್ಲ.

ಈ ಲೇಖನದ ಬಹುಪಾಲು ಆಂಡ್ರಾಯ್ಡ್‌ಗೆ ಸಂಬಂಧಿಸಿದ್ದು. ಐಒಎಸ್‌ನ ಕ್ರಮವನ್ನು ಕೊನೆಯಲ್ಲಿ ವಿವರಿಸಿದ್ದೇನೆ. ಕ್ಲಾಸ್ ಮತ್ತು ಮೆಥಡ್‌ಗಳ ಹೆಸರನ್ನು ಉಚ್ಚರಿಸುವಂತೆಯೇ ಕನ್ನಡದಲ್ಲಿ ಬರೆದಿದ್ದೇನೆ. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಮೊದಲ ಕೆಲವು ಅಕ್ಷರಗಳನ್ನು ಟೈಪ್ ಮಾಡಿದರೆ ಪೂರ್ಣ ಹೆಸರು ತಾನೇ ಮುಂದೆ ಬರುತ್ತದೆ.

ಅಳೆಯುವ ಮೊದಲು: ಯಾವ ಗಾತ್ರ?

"ಆ್ಯಪ್‌ನ ಗಾತ್ರ" ಎಂಬುದು ಒಂದೇ ಸಂಖ್ಯೆಯಲ್ಲ. ಆಂಡ್ರಾಯ್ಡ್ ಅದನ್ನು ಮೂರು ಬಾಬುಗಳಾಗಿ ಲೆಕ್ಕ ಇಡುತ್ತದೆ.

ಮೊದಲನೆಯದು ಆ್ಯಪ್‌ನದೇ ಗಾತ್ರ. ಇದರಲ್ಲಿ ಎಪಿಕೆ ಫೈಲ್‌ಗಳು (ಆ್ಯಪನ್ನು ಇನ್‌ಸ್ಟಾಲ್ ಮಾಡಲು ಬಳಸುವ ಫೈಲ್‌ಗಳು) ಮಾತ್ರವಲ್ಲದೆ, ಇನ್‌ಸ್ಟಾಲ್ ಆದ ಮೇಲೆ ಸಿಸ್ಟಂ ತಯಾರಿಸಿಕೊಂಡ ಕಂಪೈಲ್ ಆದ ರೂಪ ಮತ್ತು ಬಿಚ್ಚಿಟ್ಟ ನೇಟಿವ್ ಲೈಬ್ರರಿಗಳೂ ಸೇರುತ್ತವೆ. ಆದ್ದರಿಂದ ನೀವು ಬಿಲ್ಡ್ ಮಾಡಿದ ಎಪಿಕೆಯ ಗಾತ್ರಕ್ಕೂ ಫೋನಿನಲ್ಲಿ ಕಾಣುವ ಆ್ಯಪ್ ಗಾತ್ರಕ್ಕೂ ಹೊಂದಿಕೆ ಇರಲೇಬೇಕೆಂದೇನೂ ಇಲ್ಲ. ಎರಡನೆಯದು ದತ್ತಾಂಶ, ಅಂದರೆ ಡೇಟಾ: ಫೈಲ್ಸ್ ಫೋಲ್ಡರ್, ಡೇಟಾಬೇಸ್‌ಗಳು, ಶೇರ್ಡ್ ಪ್ರಿಫರೆನ್ಸಸ್, ಬ್ಯಾಕಪ್‌ಗೆ ಹೋಗಬಾರದೆಂದು ಪ್ರತ್ಯೇಕವಾಗಿ ಇಟ್ಟ ಫೈಲ್‌ಗಳು ಎಲ್ಲವೂ ಇಲ್ಲಿವೆ. ಮೂರನೆಯದು ಕ್ಯಾಶ್: ಗೆಟ್‌ಕ್ಯಾಶ್‌ಡಿರ್ ಕೊಡುವ ಫೋಲ್ಡರ್, ಗೆಟ್‌ಕೋಡ್‌ಕ್ಯಾಶ್‌ಡಿರ್ ಕೊಡುವ ಫೋಲ್ಡರ್, ಮತ್ತು ಸಾಮಾನ್ಯವಾಗಿ ಎಕ್ಸ್‌ಟರ್ನಲ್ ಸ್ಟೋರೇಜ್‌ನಲ್ಲಿ ಆ್ಯಪ್‌ಗಾಗಿಯೇ ಇರುವ ಕ್ಯಾಶ್ ಫೋಲ್ಡರ್.

ಇಲ್ಲಿ ಗಮನವಿಟ್ಟು ತಿಳಿಯಬೇಕಾದ ಸಂಗತಿಯೊಂದಿದೆ, ಮತ್ತು ಈ ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿನಲ್ಲಿ ಉಳಿಯುವುದಾದರೆ ಅದು ಇದೇ ಆಗಿರಲಿ ಎಂದು ಬಯಸುತ್ತೇನೆ: ಆಂಡ್ರಾಯ್ಡ್‌ನ ಎಪಿಐ (ಆ್ಯಪ್‌ಗಳು ಸಿಸ್ಟಂನಿಂದ ಮಾಹಿತಿ ಕೇಳುವ ಕರೆಗಳ ಗುಂಪು) ಕೊಡುವ ಡೇಟಾ ಗಾತ್ರದ ಒಳಗೆ ಕ್ಯಾಶ್ ಗಾತ್ರವೂ ಅಡಗಿದೆ. ಮೂರು ಸಂಖ್ಯೆಗಳು ಬೇರೆ ಬೇರೆಯಾಗಿ ಸಿಕ್ಕರೂ ಮೂರು ಬಾಬುಗಳು ಬೇರೆ ಬೇರೆಯಲ್ಲ. ನಾನು ಮೊದಲ ಸಲ ಇಂಥ ಪುಟವನ್ನು ಬರೆದಾಗ ಮೂರನ್ನೂ ಕೂಡಿಸಿ ಒಟ್ಟು ಎಂದು ತೋರಿಸಿದ್ದೆ. ಕ್ಯಾಶ್ ಎರಡು ಸಲ ಲೆಕ್ಕಕ್ಕೆ ಬಂದಿರುವುದು ಪರೀಕ್ಷೆಯಲ್ಲಿ ತಿಳಿಯಲಿಲ್ಲ. ಹೊಸದಾಗಿ ಇನ್‌ಸ್ಟಾಲ್ ಮಾಡಿದ ಫೋನಿನಲ್ಲಿ ಕ್ಯಾಶ್ ಹೆಚ್ಚುಕಡಿಮೆ ಸೊನ್ನೆಯೇ ಆಗಿರುವುದರಿಂದ ತಪ್ಪು ಕಣ್ಣಿಗೆ ಬೀಳುವಂತಿರಲಿಲ್ಲ. ತಿಂಗಳುಗಟ್ಟಲೆ ಆ್ಯಪ್ ಬಳಸಿದವರ ಫೋನಿನಲ್ಲಿ ಅದು ನೂರಾರು ಎಂಬಿಗಳ ವ್ಯತ್ಯಾಸವಾಗಿ ಎದ್ದು ಕಂಡಿತು.

ಹಂತ 1: ಯಾವ ಆವೃತ್ತಿಯಿಂದ ಯಾವ ದಾರಿ

ಹಳೆಯ ಉತ್ತರಗಳನ್ನು ಹುಡುಕಿದರೆ ಪ್ಯಾಕೇಜ್‌ಮ್ಯಾನೇಜರ್‌ನಲ್ಲಿ ಮರೆಯಾಗಿದ್ದ ಗೆಟ್‌ಪ್ಯಾಕೇಜ್‌ಸೈಜ್‌ಇನ್ಫೋ ಎಂಬ ಮೆಥಡನ್ನು ರಿಫ್ಲೆಕ್ಷನ್ ಮೂಲಕ, ಅಂದರೆ ಕೋಡ್ ನಡೆಯುವಾಗ ಹೆಸರಿನಿಂದ ಹುಡುಕಿ, ಕರೆಯುವ ಕ್ರಮವೇ ಎಲ್ಲೆಡೆ ಸಿಗುತ್ತದೆ. ಅದಕ್ಕೆ ಎಐಡಿಎಲ್ ಫೈಲ್ (ಆ್ಯಪ್ ಮತ್ತು ಸಿಸ್ಟಂ ನಡುವಿನ ಕರೆಗಳನ್ನು ವಿವರಿಸುವ ಫೈಲ್) ಒಂದನ್ನು ನಕಲು ಮಾಡಿ ಪ್ರಾಜೆಕ್ಟಿನಲ್ಲಿ ಇಡಬೇಕಾಗಿತ್ತು. ಆ ದಾರಿ ಈಗ ಮುಚ್ಚಿಹೋಗಿದೆ. 2017ರಲ್ಲಿ ಬಂದ ಆಂಡ್ರಾಯ್ಡ್ 8.0, ಅಂದರೆ ಎಪಿಐ ಮಟ್ಟ 26 ಅಥವಾ ಅದಕ್ಕಿಂತ ಮೇಲಿನದನ್ನು ಗುರಿಯಾಗಿಟ್ಟ ಆ್ಯಪ್‌ಗಳು ಆ ಮೆಥಡನ್ನು ಕರೆದರೆ ಬೆಂಬಲವಿಲ್ಲದ ಕಾರ್ಯವೆಂಬ ಎಕ್ಸೆಪ್ಶನ್ (ಕೋಡನ್ನು ಅಲ್ಲೇ ನಿಲ್ಲಿಸುವ ದೋಷ) ಎದುರಾಗುತ್ತದೆ. ಅದು ಕೊಡುತ್ತಿದ್ದ ಪ್ಯಾಕೇಜ್‌ಸ್ಟ್ಯಾಟ್ಸ್ ಕ್ಲಾಸನ್ನೂ ಅದೇ ಆವೃತ್ತಿಯಲ್ಲಿ ಬಳಕೆಯಿಂದ ಹಿಂತೆಗೆಯಲು ಗುರುತು ಮಾಡಲಾಯಿತು.

ಅದರ ಬದಲಿಗೆ ಬಂದದ್ದು ಸ್ಟೋರೇಜ್‌ಸ್ಟ್ಯಾಟ್ಸ್‌ಮ್ಯಾನೇಜರ್. ಬದಲಾದದ್ದು ಹೆಸರು ಮಾತ್ರವಲ್ಲ. ಮೊದಲು ಗಾತ್ರ ಕೇಳಿದಾಗಲೆಲ್ಲ ಸಿಸ್ಟಂ ಆ್ಯಪ್‌ನ ಫೋಲ್ಡರ್‌ಗಳನ್ನು ಒಂದೊಂದಾಗಿ ಹೊಕ್ಕು ಪ್ರತಿ ಫೈಲನ್ನೂ ಎಣಿಸಬೇಕಾಗಿತ್ತು. ಆಂಡ್ರಾಯ್ಡ್ 8.0ರಲ್ಲಿ ಫೈಲ್ ಸಿಸ್ಟಂನ ಕೋಟಾ ಸೌಲಭ್ಯಕ್ಕೆ ಬೆಂಬಲ ಬಂತು. ಯಾರ ಹೆಸರಿನಲ್ಲಿ ಎಷ್ಟು ಜಾಗ ಬಳಕೆಯಾಗಿದೆ ಎಂಬ ಲೆಕ್ಕವನ್ನು ಕರ್ನೆಲ್ (ಸಿಸ್ಟಂನ ತಿರುಳು) ತಾನೇ ಸದಾ ಇಟ್ಟುಕೊಂಡಿರುತ್ತದೆ. ಹೀಗಾಗಿ ಕೋಟಾ ಇರುವ ಸಾಧನಗಳಲ್ಲಿ ಉತ್ತರ ಬಹುತೇಕ ಕ್ಷಣದಲ್ಲೇ ಸಿಗುತ್ತದೆ. ನಿಮ್ಮ ಆ್ಯಪ್‌ಗೆ ಬೇಕಾದ ಕನಿಷ್ಠ ಎಪಿಐ ಮಟ್ಟ 26 ಅಥವಾ ಅದಕ್ಕಿಂತ ಮೇಲಿದ್ದರೆ ಹಳೆಯ ದಾರಿಯ ಯೋಚನೆಯನ್ನೇ ಬಿಡಬಹುದು. ಅದಕ್ಕಿಂತ ಹಳೆಯ ಫೋನ್‌ಗಳಿಗೂ ಆ್ಯಪ್ ತಲುಪಬೇಕಿದ್ದರೆ, ಆ ಫೋನ್‌ಗಳಲ್ಲಿ ಹಂತ 4ರಲ್ಲಿ ಹೇಳಿರುವಂತೆ ನಿಮ್ಮದೇ ಫೋಲ್ಡರ್‌ಗಳನ್ನು ಎಣಿಸಿ ತೋರಿಸುವುದು ಸಾಕು. ರಿಫ್ಲೆಕ್ಷನ್‌ಗೆ ಕೈಹಾಕುವುದನ್ನು ನಾನು ಯಾರಿಗೂ ಸಲಹೆ ಮಾಡಲಾರೆ.

ಹಂತ 2: ಸಿಸ್ಟಂನಿಂದಲೇ ಲೆಕ್ಕ ಕೇಳುವುದು

ಕಾಂಟೆಕ್ಸ್ಟ್‌ನ ಗೆಟ್‌ಸಿಸ್ಟಂಸರ್ವೀಸ್ ಮೂಲಕ ಸ್ಟೋರೇಜ್‌ಸ್ಟ್ಯಾಟ್ಸ್‌ಮ್ಯಾನೇಜರ್ ಅನ್ನು ಪಡೆದುಕೊಳ್ಳಿ. ಅದರ ಕ್ವೆರಿಸ್ಟ್ಯಾಟ್ಸ್‌ಫಾರ್‌ಪ್ಯಾಕೇಜ್ ಎಂಬ ಮೆಥಡ್ ಮೂರು ವಿವರಗಳನ್ನು ಕೇಳುತ್ತದೆ: ಯಾವ ಸ್ಟೋರೇಜ್ ಎಂಬುದನ್ನು ಗುರುತಿಸುವ ಯುಯುಐಡಿ, ಪ್ಯಾಕೇಜ್‌ನ ಹೆಸರು, ಮತ್ತು ಬಳಕೆದಾರ ಯಾರು ಎಂಬುದನ್ನು ತಿಳಿಸುವ ಯೂಸರ್‌ಹ್ಯಾಂಡಲ್.

ಯುಯುಐಡಿಯ ಜಾಗದಲ್ಲಿ ಹೆಚ್ಚಿನ ಉದಾಹರಣೆಗಳು ಸ್ಟೋರೇಜ್‌ಮ್ಯಾನೇಜರ್‌ನ ಯುಯುಐಡಿ ಡಿಫಾಲ್ಟ್ ಎಂಬ ಸ್ಥಿರಾಂಕವನ್ನು ಇಟ್ಟುಬಿಡುತ್ತವೆ. ಅದು ಫೋನಿನ ಒಳಗಿನ ಮುಖ್ಯ ಸ್ಟೋರೇಜನ್ನು ಸೂಚಿಸುತ್ತದೆ. ಬಹುಪಾಲು ಫೋನ್‌ಗಳಲ್ಲಿ ಇದು ಸರಿಯಾಗಿಯೇ ಕೆಲಸ ಮಾಡುತ್ತದೆ. ಆದರೆ ಮೆಮೊರಿ ಕಾರ್ಡನ್ನು ಒಳಗಿನ ಸ್ಟೋರೇಜ್ ಆಗಿ ಅಳವಡಿಸಿಕೊಂಡು ಆ್ಯಪನ್ನು ಅದಕ್ಕೆ ಸಾಗಿಸಿದ್ದರೆ ನೀವು ಕೇಳುವ ಜಾಗವೂ ಆ್ಯಪ್ ಇರುವ ಜಾಗವೂ ಬೇರೆಯಾಗುತ್ತವೆ. ಆದ್ದರಿಂದ ಅಪ್ಲಿಕೇಶನ್‌ಇನ್ಫೋದಲ್ಲಿರುವ ಸ್ಟೋರೇಜ್‌ಯುಯುಐಡಿ ಎಂಬ ಫೀಲ್ಡನ್ನು ಓದಿ ಅದನ್ನೇ ಕೊಡುವುದು ಒಳ್ಳೆಯ ಅಭ್ಯಾಸ. ಈ ಫೀಲ್ಡ್ ಕೂಡ ಎಪಿಐ 26ರಿಂದಲೇ ಇದೆ. ಕೋಡ್ ಒಂದು ಸಾಲು ಹೆಚ್ಚಾಗುತ್ತದೆ, ಮತ್ತೇನೂ ಇಲ್ಲ.

ಯೂಸರ್‌ಹ್ಯಾಂಡಲ್‌ಗೆ ಪ್ರೊಸೆಸ್ ಕ್ಲಾಸಿನ ಮೈಯೂಸರ್‌ಹ್ಯಾಂಡಲ್ ಕೊಡಿ. ಒಂದೇ ಫೋನಿನಲ್ಲಿ ಇಬ್ಬರು ಬಳಕೆದಾರರಿದ್ದರೆ, ಅಥವಾ ಕಚೇರಿಯ ವರ್ಕ್ ಪ್ರೊಫೈಲ್ ಇದ್ದರೆ, ಡೇಟಾ ಮತ್ತು ಕ್ಯಾಶ್ ಪ್ರತಿಯೊಬ್ಬರಿಗೂ ಪ್ರತ್ಯೇಕ. ಆ್ಯಪ್‌ನ ಕೋಡ್ ಮಾತ್ರ ಎಲ್ಲರಿಗೂ ಒಂದೇ.

ನಿಮ್ಮದೇ ಆ್ಯಪ್‌ನ ಗಾತ್ರ ಕೇಳಲು ಯಾವ ಅನುಮತಿಯೂ ಬೇಕಾಗಿಲ್ಲ. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಎಲ್ಲ ಸಂದರ್ಭಕ್ಕೂ ಅನುಮತಿ ಬೇಕೆಂದು ಭಾವಿಸಿ ಮ್ಯಾನಿಫೆಸ್ಟ್‌ನಲ್ಲಿ (ಆ್ಯಪ್ ತನಗೆ ಬೇಕಾದ ಅನುಮತಿಗಳನ್ನು ತಿಳಿಸುವ ಫೈಲ್) ಬೇಡದ ಅನುಮತಿಯನ್ನು ಸೇರಿಸಿ, ಬಳಕೆದಾರರನ್ನು ಸೆಟ್ಟಿಂಗ್ಸ್‌ಗೆ ಕಳುಹಿಸುವ ಆ್ಯಪ್‌ಗಳನ್ನು ನೋಡಿದ್ದೇನೆ. ಬೇರೆ ಆ್ಯಪ್‌ಗಳ ಗಾತ್ರ ಬೇಕಾದಾಗ ಮಾತ್ರ ಆ ಮಾತು ಬರುತ್ತದೆ.

ಇನ್ನು ಥ್ರೆಡ್. ಕೋಟಾ ಇದ್ದಲ್ಲಿ ಉತ್ತರ ಬೇಗ ಬರುತ್ತದೆ ಎಂದೆನಾದರೂ, ಕೋಟಾ ಇಲ್ಲದ ಸಾಧನಗಳಲ್ಲಿ ಈ ಒಂದು ಕರೆಗೆ ಹಲವು ಸೆಕೆಂಡುಗಳೇ ಹಿಡಿಯಬಹುದು. ಆದ್ದರಿಂದ ಇದನ್ನು ಪರದೆಯನ್ನು ನಡೆಸುವ ಮುಖ್ಯ ಥ್ರೆಡ್‌ನಲ್ಲಿ ಕರೆಯಲೇಬಾರದು. ಕಾಟ್ಲಿನ್ ಬಳಸುತ್ತಿದ್ದರೆ ಕೋರೂಟೀನ್‌ನಲ್ಲಿ ಡಿಸ್ಪ್ಯಾಚರ್ಸ್‌ನ ಐಒಗೆ ಬದಲಿಸಿಕೊಂಡು ಕರೆಯಿರಿ. ಜಾವಾ ಆದರೆ ಒಂದು ಎಕ್ಸಿಕ್ಯೂಟರ್ ಸಾಕು. ಪುಟ ತೆರೆದಾಗ ಹಿಂದಿನ ಸಲ ಸಿಕ್ಕಿದ್ದ ಸಂಖ್ಯೆಯನ್ನು ತೋರಿಸಿ, ಹೊಸ ಸಂಖ್ಯೆ ಬಂದ ಕೂಡಲೇ ಬದಲಿಸುವುದು ನೋಡುವವರಿಗೆ ಹಿತವೆನಿಸುತ್ತದೆ.

ಎದುರಾಗಬಹುದಾದ ಎಕ್ಸೆಪ್ಶನ್‌ಗಳು ಮೂರು. ಪ್ಯಾಕೇಜ್ ಆ ಬಳಕೆದಾರರ ಬಳಿ ಇಲ್ಲದಿದ್ದರೆ ಹೆಸರು ಸಿಗಲಿಲ್ಲವೆಂಬ ಎಕ್ಸೆಪ್ಶನ್, ಆ ಸ್ಟೋರೇಜ್ ಸಾಧನವೇ ಇಲ್ಲದಿದ್ದರೆ ಐಒ ಎಕ್ಸೆಪ್ಶನ್, ಅನುಮತಿ ಇಲ್ಲದೆ ಬೇರೆಯವರ ಲೆಕ್ಕ ಕೇಳಿದರೆ ಸೆಕ್ಯುರಿಟಿ ಎಕ್ಸೆಪ್ಶನ್. ಮೂರರಲ್ಲಿ ಯಾವುದು ಬಂದರೂ ಸೊನ್ನೆ ಎಂದು ತೋರಿಸಬೇಡಿ. "ಗಾತ್ರ ಲಭ್ಯವಿಲ್ಲ" ಎನ್ನುವುದು ಸತ್ಯ. "0 ಎಂಬಿ" ಎನ್ನುವುದು ಸುಳ್ಳು.

ಹಂತ 3: ಸಿಕ್ಕ ಸಂಖ್ಯೆಗಳನ್ನು ಓದುವುದು

ಕರೆಗೆ ಉತ್ತರವಾಗಿ ಬರುವ ಸ್ಟೋರೇಜ್‌ಸ್ಟ್ಯಾಟ್ಸ್ ಎಂಬ ಆಬ್ಜೆಕ್ಟ್‌ನಲ್ಲಿ ಗೆಟ್‌ಆ್ಯಪ್‌ಬೈಟ್ಸ್, ಗೆಟ್‌ಡೇಟಾಬೈಟ್ಸ್, ಗೆಟ್‌ಕ್ಯಾಶ್‌ಬೈಟ್ಸ್ ಎಂಬ ಮೂರು ಮೆಥಡ್‌ಗಳಿವೆ. ಉದಾಹರಣೆಗೆ ಅವು ಕ್ರಮವಾಗಿ 40, 180, 65 ಎಂಬಿ ಎಂದು ಕೊಟ್ಟವು ಎಂದುಕೊಳ್ಳಿ. ಒಟ್ಟು ಗಾತ್ರ 40 ಮತ್ತು 180 ಸೇರಿ 220. ಬಳಕೆದಾರರ ಡೇಟಾ ಎಂದು ತೋರಿಸಬೇಕಾದದ್ದು 180ರಲ್ಲಿ 65 ಕಳೆದು ಉಳಿದ 115. ಕ್ಯಾಶ್ 65. ಈಗ 40, 115, 65 ಮೂರನ್ನು ಕೂಡಿಸಿದರೆ ಮತ್ತೆ 220 ಬರುತ್ತದೆ, ಸೆಟ್ಟಿಂಗ್ಸ್‌ನ ಪುಟದಲ್ಲಿ ಕಾಣುವುದೂ ಹೀಗೆಯೇ. ಕಳೆಯದೆ ಮೂರನ್ನೂ ಕೂಡಿಸಿದ್ದರೆ 285 ಆಗುತ್ತಿತ್ತು.

ಎಕ್ಸ್‌ಟರ್ನಲ್ ಕ್ಯಾಶ್ ಎಷ್ಟೆಂದು ಪ್ರತ್ಯೇಕವಾಗಿ ಹೇಳುವ ಗೆಟ್‌ಎಕ್ಸ್‌ಟರ್ನಲ್‌ಕ್ಯಾಶ್‌ಬೈಟ್ಸ್ ಎಪಿಐ 31ರಲ್ಲಿ, ಅಂದರೆ ಆಂಡ್ರಾಯ್ಡ್ 12ರಲ್ಲಿ, ಸೇರ್ಪಡೆಯಾಯಿತು. ಅದು ಒಟ್ಟು ಕ್ಯಾಶ್‌ನ ಒಂದು ಭಾಗವನ್ನು ಬಿಡಿಸಿ ಹೇಳುತ್ತದೆಯಷ್ಟೇ. ಅದನ್ನು ಕ್ಯಾಶ್‌ಗೆ ಮತ್ತೆ ಕೂಡಿಸಿದರೆ ಅದೇ ಹಳೆಯ ತಪ್ಪು ಇನ್ನೊಂದು ರೂಪದಲ್ಲಿ ಮರಳಿ ಬರುತ್ತದೆ.

ಈ ಲೆಕ್ಕದಲ್ಲಿ ಸೇರದ ಸಂಗತಿಗಳೂ ಇವೆ. ನಿಮ್ಮ ಆ್ಯಪ್ ಮೀಡಿಯಾಸ್ಟೋರ್ ಮೂಲಕ ಗ್ಯಾಲರಿಗೆ ಉಳಿಸಿದ ಚಿತ್ರಗಳು, ಡೌನ್‌ಲೋಡ್ಸ್ ಫೋಲ್ಡರಿಗೆ ಇಳಿಸಿದ ಪಿಡಿಎಫ್‌ಗಳು ಆ್ಯಪ್‌ನ ಬಾಬಿಗೆ ಬರುವುದಿಲ್ಲ; ಅವು ಎಲ್ಲರಿಗೂ ಹಂಚಿಕೆಯಾದ ಜಾಗದಲ್ಲಿವೆ. ಆ್ಯಪ್ ಅಳಿಸಿದರೂ ಅವು ಉಳಿಯುತ್ತವೆ. ಬಳಕೆದಾರರು "ನಾನು ಇಳಿಸಿದ ವಿಡಿಯೋಗಳು ಈ ಲೆಕ್ಕದಲ್ಲಿ ಏಕಿಲ್ಲ" ಎಂದು ಕೇಳಿದರೆ ಉತ್ತರ ಇದು.

ಕ್ಯಾಶ್ ಮಾತ್ರ ಬೇಕಾಗಿದ್ದರೆ ಇನ್ನೂ ಹತ್ತಿರದ ದಾರಿಯೊಂದಿದೆ. ಸ್ಟೋರೇಜ್‌ಮ್ಯಾನೇಜರ್‌ನ ಗೆಟ್‌ಕ್ಯಾಶ್‌ಸೈಜ್‌ಬೈಟ್ಸ್ ಎಂಬ ಮೆಥಡ್ ನಿಮ್ಮ ಆ್ಯಪ್‌ನ ಒಟ್ಟು ಕ್ಯಾಶ್ ಗಾತ್ರವನ್ನು ನೇರವಾಗಿ ಕೊಡುತ್ತದೆ. ಅದಕ್ಕೆ ಬೇಕಾದ ಯುಯುಐಡಿಯನ್ನು ಗೆಟ್‌ಯುಯುಐಡಿಫಾರ್‌ಪಾತ್ ಮೆಥಡ್‌ಗೆ ಕ್ಯಾಶ್ ಫೋಲ್ಡರನ್ನೇ ಕೊಟ್ಟು ಪಡೆಯಬಹುದು. ಇದರ ಜೊತೆಗೆ ಗೆಟ್‌ಕ್ಯಾಶ್‌ಕೋಟಾಬೈಟ್ಸ್ ಎಂಬುದೂ ಇದೆ, ಮತ್ತು ಇದು ಸಿಗಬೇಕಾದಷ್ಟು ಗಮನ ಪಡೆದಿಲ್ಲವೆಂಬುದು ನನ್ನ ಅನಿಸಿಕೆ. ಫೋನಿನಲ್ಲಿ ಜಾಗ ಕಡಿಮೆಯಾದಾಗ ಸಿಸ್ಟಂ ಆ್ಯಪ್‌ಗಳ ಕ್ಯಾಶನ್ನು ತಾನೇ ಅಳಿಸತೊಡಗುತ್ತದೆ; ತಮಗೆ ನಿಗದಿಯಾದ ಕೋಟಾ, ಅಂದರೆ ಕ್ಯಾಶ್‌ನ ಮಿತಿ, ಮೀರಿದ ಆ್ಯಪ್‌ಗಳ ಕ್ಯಾಶ್ ಅದರಲ್ಲಿ ಮೊದಲು ಹೋಗುತ್ತದೆ. ಕ್ಯಾಶ್ ಗಾತ್ರವನ್ನೂ ಕೋಟಾವನ್ನೂ ಹೋಲಿಸಿ, ಮೀರುವ ಮೊದಲೇ ಹಳೆಯ ಫೈಲ್‌ಗಳನ್ನು ನೀವೇ ಆರಿಸಿ ಅಳಿಸಿದರೆ ಯಾವುದು ಉಳಿಯಬೇಕೆಂಬ ತೀರ್ಮಾನ ನಿಮ್ಮ ಕೈಯಲ್ಲಿರುತ್ತದೆ. ಕೋಟಾ ಕಾಲಕಾಲಕ್ಕೆ ಬದಲಾಗುವುದರಿಂದ ಅದನ್ನು ಒಮ್ಮೆ ಓದಿ ಶಾಶ್ವತವಾಗಿ ಉಳಿಸಿಕೊಳ್ಳಬಾರದು.

ಹಂತ 4: ಒಳಗೆ ಯಾವುದು ಎಷ್ಟು ಎಂದು ಬಿಡಿಸಿ ನೋಡುವುದು

ಸಿಸ್ಟಂ ಕೊಡುವುದು ಬಾಬಿನ ಮೊತ್ತವನ್ನು ಮಾತ್ರ. ಚಿತ್ರಗಳ ಕ್ಯಾಶ್ ಎಷ್ಟು, ಆಫ್‌ಲೈನ್ ಪಾಠಗಳು ಎಷ್ಟು, ಡೇಟಾಬೇಸ್ ಎಷ್ಟು ಎಂಬ ವಿವರ ಬೇಕಿದ್ದರೆ ಆ ಫೋಲ್ಡರ್‌ಗಳನ್ನು ನಾವೇ ಹೊಕ್ಕು ಎಣಿಸಬೇಕು. ಎಪಿಐ 24ರಿಂದ ಗೆಟ್‌ಡೇಟಾಡಿರ್ ಎಂಬುದು ಆ್ಯಪ್‌ನ ಖಾಸಗಿ ಫೋಲ್ಡರ್‌ಗಳೆಲ್ಲದರ ಮೂಲವನ್ನು ಕೊಡುತ್ತದೆ. ಕಾಟ್ಲಿನ್‌ನಲ್ಲಿ ಅದರ ಮೇಲೆ ವಾಕ್‌ಟಾಪ್‌ಡೌನ್ ಕರೆದು, ಫೈಲ್‌ಗಳನ್ನಷ್ಟೇ ಸೋಸಿ, ಅವುಗಳ ಲೆಂಗ್ತ್ ಕೂಡಿಸಿದರೆ ಒಂದೇ ಸಾಲಿನಲ್ಲಿ ಕೆಲಸ ಮುಗಿದಂತೆ ಕಾಣುತ್ತದೆ. ಆದರೆ ಈ ಒಂದು ಸಾಲಿನಲ್ಲಿ ಎಡವುವ ಜಾಗಗಳು ಹಲವು.

ಫೈಲ್‌ನ ಉದ್ದ ಬೇರೆ, ಅದು ಡಿಸ್ಕ್‌ನಲ್ಲಿ ಹಿಡಿಯುವ ಜಾಗ ಬೇರೆ. ಫೈಲ್ ಸಿಸ್ಟಂ ಜಾಗವನ್ನು ಬ್ಲಾಕ್‌ಗಳ ಲೆಕ್ಕದಲ್ಲಿ ಕೊಡುತ್ತದೆ. ಬ್ಲಾಕ್ ಸಾಮಾನ್ಯವಾಗಿ 4096 ಬೈಟ್. 300 ಬೈಟ್‌ನ ಪುಟ್ಟ ಫೈಲ್ ಕೂಡ ಒಂದು ಪೂರ್ತಿ ಬ್ಲಾಕನ್ನು ಹಿಡಿಯುತ್ತದೆ. ಅಂಥ 10,000 ಫೈಲ್‌ಗಳಿದ್ದರೆ ಉದ್ದಗಳ ಮೊತ್ತ 3 ಎಂಬಿ, ನಿಜವಾಗಿ ಹೋದ ಜಾಗ ಸುಮಾರು 41 ಎಂಬಿ. ಸಿಸ್ಟಂ ಕೋಟಾ ಲೆಕ್ಕ ಹಾಕುವುದು ಎರಡನೆಯದನ್ನು. ಸಣ್ಣ ಫೈಲ್‌ಗಳನ್ನು ರಾಶಿ ಹಾಕುವ ಆ್ಯಪ್‌ಗಳಲ್ಲಿ ಸೆಟ್ಟಿಂಗ್ಸ್‌ನ ಸಂಖ್ಯೆ ನಮ್ಮ ಎಣಿಕೆಗಿಂತ ಬಹಳ ಹೆಚ್ಚು ಬರುವುದಕ್ಕೆ ಮುಖ್ಯ ಕಾರಣ ಇದೇ. ನಿಖರತೆ ಬೇಕಿದ್ದರೆ ಆಂಡ್ರಾಯ್ಡ್‌ನ ಓಎಸ್ ಕ್ಲಾಸಿನಲ್ಲಿರುವ ಎಲ್‌ಸ್ಟ್ಯಾಟ್ ಕರೆದು, ಅದು ಕೊಡುವ ಬ್ಲಾಕ್‌ಗಳ ಸಂಖ್ಯೆಯನ್ನು 512ರಿಂದ ಗುಣಿಸಿ. ಫೈಲ್ ಸಿಸ್ಟಂನ ಬ್ಲಾಕ್ 4096 ಆಗಿದ್ದರೂ ಈ ಫೀಲ್ಡಿನ ಲೆಕ್ಕ ಮಾತ್ರ 512 ಬೈಟ್‌ಗಳ ತುಣುಕಿನಲ್ಲಿರುತ್ತದೆ ಎಂಬುದನ್ನು ಮರೆಯಬಾರದು.

ಎಲ್‌ಸ್ಟ್ಯಾಟ್ ಬಳಸುವುದಕ್ಕೆ ಇನ್ನೊಂದು ಕಾರಣ ಸಿಂಬಾಲಿಕ್ ಲಿಂಕ್‌ಗಳು. ಫೋಲ್ಡರೊಳಗೆ ಬೇರೆಡೆಗೆ ಕರೆದೊಯ್ಯುವ ಲಿಂಕ್ ಇದ್ದರೆ, ಅದರ ಹಿಂದೆ ಹೋದ ಎಣಿಕೆ ತನ್ನದಲ್ಲದ್ದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಲಿಂಕ್ ಮೇಲಿನ ಫೋಲ್ಡರಿಗೇ ಮರಳಿದ್ದರೆ ಎಣಿಕೆ ಸುತ್ತು ಬೀಳುತ್ತದೆ. ಎಲ್‌ಸ್ಟ್ಯಾಟ್ ಲಿಂಕನ್ನು ಲಿಂಕ್ ಆಗಿಯೇ ನೋಡುವುದರಿಂದ ಅದನ್ನು ಗುರುತಿಸಿ ಬಿಟ್ಟುಬಿಡಬಹುದು. ಎಪಿಐ 26ರಿಂದ ಲಭ್ಯವಿರುವ ಫೈಲ್ಸ್ ಕ್ಲಾಸಿನ ವಾಕ್‌ಫೈಲ್‌ಟ್ರೀ ಕೂಡ ಹೇಳದ ಹೊರತು ಲಿಂಕ್‌ಗಳ ಹಿಂದೆ ಹೋಗುವುದಿಲ್ಲ.

ಜಾವಾದ ಲಿಸ್ಟ್‌ಫೈಲ್ಸ್ ನೇರವಾಗಿ ಬಳಸಿದರೆ ಅದು ನಲ್, ಅಂದರೆ ಏನೂ ಇಲ್ಲವೆಂಬ ಉತ್ತರ, ಕೊಡಬಹುದು. ಖಾಲಿ ಪಟ್ಟಿ ಬರುತ್ತದೆಂದು ನಂಬಿದ ಕೋಡ್ ಅಲ್ಲೇ ಮುರಿದು ಬೀಳುತ್ತದೆ. ಅಲ್ಲದೆ ನೀವು ಎಣಿಸುತ್ತಿರುವಾಗಲೇ ಚಿತ್ರಗಳ ಲೈಬ್ರರಿ ಫೈಲೊಂದನ್ನು ಅಳಿಸಬಹುದು, ಹೊಸದೊಂದನ್ನು ಬರೆಯಬಹುದು. ಒಂದು ಫೈಲ್ ನಡುವೆ ಮಾಯವಾದರೆ ಅದನ್ನು ಬಿಟ್ಟು ಮುಂದೆ ಸಾಗಬೇಕೇ ಹೊರತು ಇಡೀ ಎಣಿಕೆಯನ್ನು ಕೈಬಿಡಬಾರದು. ಎಕ್ಸ್‌ಟರ್ನಲ್ ಕ್ಯಾಶ್ ಫೋಲ್ಡರ್ ಕೇಳಿದಾಗಲೂ ಆ ಸ್ಟೋರೇಜ್ ಆ ಹೊತ್ತಿಗೆ ಲಭ್ಯವಿಲ್ಲದಿದ್ದರೆ ನಲ್ ಸಿಗುತ್ತದೆ. ಒಂದಕ್ಕಿಂತ ಹೆಚ್ಚು ಸ್ಟೋರೇಜ್ ಇರುವ ಸಾಧನಗಳಿಗಾಗಿ ಬಹುವಚನದ ಗೆಟ್‌ಎಕ್ಸ್‌ಟರ್ನಲ್‌ಕ್ಯಾಶ್‌ಡಿರ್ಸ್ ಬಳಸಿ, ಅದರ ಪಟ್ಟಿಯಲ್ಲಿಯೂ ನಲ್ ಇರಬಹುದೆಂದು ಎಚ್ಚರ ವಹಿಸಿ.

ಡೇಟಾಬೇಸ್‌ನ ಗಾತ್ರ ಹೇಳುವಾಗ ಮುಖ್ಯ ಫೈಲನ್ನಷ್ಟೇ ನೋಡುವುದು ಸಾಲದು. ಆಂಡ್ರಾಯ್ಡ್‌ನ ಡೇಟಾಬೇಸ್ ಆದ ಎಸ್‌ಕ್ಯೂಲೈಟ್ ಮುಂಬರಹದ ಲಾಗ್ (ರೈಟ್ ಅಹೆಡ್ ಲಾಗ್) ಕ್ರಮದಲ್ಲಿ ಕೆಲಸ ಮಾಡುವಾಗ ಅದೇ ಹೆಸರಿಗೆ ಡಬ್ಲ್ಯುಎಎಲ್ ಮತ್ತು ಎಸ್‌ಎಚ್‌ಎಂ ಎಂಬ ಬಾಲ ಸೇರಿದ ಎರಡು ಫೈಲ್‌ಗಳು ಪಕ್ಕದಲ್ಲಿರುತ್ತವೆ, ಅವನ್ನೂ ಕೂಡಿಸಿ. ಆಟೋ ವ್ಯಾಕ್ಯೂಮ್ ಎಂಬ ಸೌಲಭ್ಯ ಚಾಲ್ತಿಯಲ್ಲಿಲ್ಲದಿದ್ದರೆ ಸಾಲುಗಳನ್ನು ಅಳಿಸಿದರೂ ಡೇಟಾಬೇಸ್ ಫೈಲ್ ತಾನಾಗಿ ಕುಗ್ಗುವುದಿಲ್ಲ, ತೆರವಾದ ಪುಟಗಳನ್ನು ಮುಂದಿನ ಬಳಕೆಗೆ ಇಟ್ಟುಕೊಳ್ಳುತ್ತದೆ. ಆಗ ವ್ಯಾಕ್ಯೂಮ್ ಆದೇಶ ಕೊಟ್ಟ ಮೇಲೆಯೇ ಜಾಗ ಮರಳುವುದು.

ಲೈಬ್ರರಿಗಳ ಕ್ಯಾಶ್

ಕ್ಯಾಶ್ ಫೋಲ್ಡರನ್ನು ಬಿಡಿಸಿ ನೋಡಿದಾಗ ಅದರಲ್ಲಿರುವ ಹೆಚ್ಚಿನದು ನಿಮ್ಮ ಕೋಡ್ ಬರೆದದ್ದಲ್ಲ, ಲೈಬ್ರರಿಗಳು ಬರೆದದ್ದು ಎಂದು ತಿಳಿಯುತ್ತದೆ. ಚಿತ್ರಗಳಿಗಾಗಿ ಬಳಸುವ ಗ್ಲೈಡ್ ಬೇರೇನೂ ಹೇಳದಿದ್ದರೆ ಡಿಸ್ಕ್ ಕ್ಯಾಶ್‌ಗೆ 250 ಎಂಬಿಯ ಮಿತಿ ಇಟ್ಟುಕೊಳ್ಳುತ್ತದೆ. ಸುದ್ದಿ ಓದುವ ಒಂದು ಚಿಕ್ಕ ಆ್ಯಪ್‌ಗೆ ಇಷ್ಟು ಬೇಕೇ ಎಂಬ ಪ್ರಶ್ನೆಯನ್ನು ಪ್ರಾಜೆಕ್ಟಿನ ಆರಂಭದಲ್ಲೇ ಕೇಳಿಕೊಳ್ಳಬೇಕು. ಮಿತಿಯನ್ನು ಕಡಿಮೆ ಮಾಡುವುದು ಕೆಲವೇ ಸಾಲುಗಳ ಕೆಲಸ. ಓಕೆಎಚ್‌ಟಿಟಿಪಿಯ ಕ್ಯಾಶ್ ಆಬ್ಜೆಕ್ಟ್ ತನ್ನ ಈಗಿನ ಗಾತ್ರವನ್ನೂ ಗರಿಷ್ಠ ಮಿತಿಯನ್ನೂ ತಾನೇ ಹೇಳುತ್ತದೆ, ಆದ್ದರಿಂದ ಅಲ್ಲಿ ಫೋಲ್ಡರ್ ಎಣಿಸುವ ಅಗತ್ಯವಿಲ್ಲ. ವೆಬ್‌ವ್ಯೂ ಮಾತ್ರ ಸ್ವಲ್ಪ ತೊಡಕಿನದು. ಅದು ಇಳಿಸಿಕೊಂಡ ಪುಟಗಳ ಕ್ಯಾಶ್ ಒಂದೆಡೆ ಇರುತ್ತದೆ, ಕುಕೀ ಮತ್ತು ತಾಣಗಳು ಉಳಿಸಿದ ಮಾಹಿತಿ ಡೇಟಾ ಫೋಲ್ಡರಿನೊಳಗೆ ಆ್ಯಪ್‌ವೆಬ್‌ವ್ಯೂ ಎಂಬ ಹೆಸರಿನಲ್ಲಿ ಇನ್ನೊಂದೆಡೆ ಇರುತ್ತದೆ. ಈ ಎರಡನೆಯದು ಕ್ಯಾಶ್ ಅಲ್ಲ. ಅದನ್ನು ಅಳಿಸಿದರೆ ಲಾಗಿನ್ ಆಗಿದ್ದವರು ಹೊರಬೀಳುತ್ತಾರೆ.

ಹಂತ 5: ಬೇರೆ ಆ್ಯಪ್‌ಗಳ ಗಾತ್ರ ಬೇಕಾದಾಗ

ಸ್ಟೋರೇಜ್ ನಿರ್ವಹಣೆಯ ಆ್ಯಪ್ ಬರೆಯುವವರಿಗೆ ಮಾತ್ರ ಈ ಹಂತ. ಉಳಿದವರು ದಾಟಿ ಮುಂದೆ ಹೋಗಬಹುದು.

ಬೇರೆ ಪ್ಯಾಕೇಜ್‌ನ ಲೆಕ್ಕ ಕೇಳಲು ಪ್ಯಾಕೇಜ್ ಯೂಸೇಜ್ ಸ್ಟ್ಯಾಟ್ಸ್ ಎಂಬ ಅನುಮತಿ ಬೇಕು. ಅದನ್ನು ಮ್ಯಾನಿಫೆಸ್ಟ್‌ನಲ್ಲಿ ಬರೆದರಷ್ಟೇ ಸಾಲದು. ಕ್ಯಾಮೆರಾ ಅನುಮತಿಯಂತೆ ಪರದೆಯ ಮೇಲೆ ಕೇಳಲೂ ಬರುವುದಿಲ್ಲ. ಬಳಕೆದಾರರು ಸೆಟ್ಟಿಂಗ್ಸ್‌ನ ಯೂಸೇಜ್ ಆಕ್ಸೆಸ್ ಪುಟಕ್ಕೆ ಹೋಗಿ ತಾವೇ ಗುಂಡಿ ಒತ್ತಿ ಕೊಡಬೇಕು. ಆ ಪುಟವನ್ನು ಆ್ಯಕ್ಷನ್ ಯೂಸೇಜ್ ಆಕ್ಸೆಸ್ ಸೆಟ್ಟಿಂಗ್ಸ್ ಎಂಬ ಇಂಟೆಂಟ್‌ನಿಂದ ತೆರೆಯಬಹುದು. ತೆರೆಯುವ ಮೊದಲು ಏಕೆ ಬೇಕೆಂಬುದನ್ನು ನಾಲ್ಕು ಮಾತಿನಲ್ಲಿ ಹೇಳಿ. ಈ ಅನುಮತಿಯಿಂದ ಅವರು ಯಾವ ಆ್ಯಪನ್ನು ಯಾವಾಗ ಎಷ್ಟು ಹೊತ್ತು ಬಳಸಿದರೆಂಬುದೂ ತಿಳಿಯುವುದರಿಂದ, ಸುಮ್ಮನೆ ಕೇಳುವ ವಸ್ತುವಲ್ಲ ಇದು. ಅನುಮತಿ ಸಿಕ್ಕಿದೆಯೇ ಎಂದು ಆ್ಯಪ್‌ಆಪ್ಸ್‌ಮ್ಯಾನೇಜರ್ ಮೂಲಕ ಪರೀಕ್ಷಿಸಿ, ಮತ್ತು ಪುಟಕ್ಕೆ ಮರಳಿದಾಗಲೆಲ್ಲ ಮತ್ತೊಮ್ಮೆ ಪರೀಕ್ಷಿಸಿ, ಏಕೆಂದರೆ ಕೊಟ್ಟವರು ಯಾವಾಗ ಬೇಕಾದರೂ ಹಿಂತೆಗೆಯಬಹುದು.

ಎಪಿಐ 30ನ್ನು ಗುರಿಯಾಗಿಟ್ಟ ಆ್ಯಪ್‌ಗಳಿಗೆ, ಅಂದರೆ ಆಂಡ್ರಾಯ್ಡ್ 11ರಿಂದ, ಇನ್ನೊಂದು ತಡೆಯೂ ಇದೆ. ಫೋನಿನಲ್ಲಿರುವ ಬೇರೆ ಆ್ಯಪ್‌ಗಳೆಲ್ಲ ತಾನಾಗಿ ಕಣ್ಣಿಗೆ ಬೀಳುವುದಿಲ್ಲ. ಯಾವುದು ಬೇಕೆಂದು ಮ್ಯಾನಿಫೆಸ್ಟ್‌ನ ಕ್ವೆರೀಸ್ ಭಾಗದಲ್ಲಿ ಮೊದಲೇ ಬರೆದಿರಬೇಕು. ಪಟ್ಟಿ ಅರ್ಧವೇ ಬರುತ್ತಿದೆ ಎಂದು ಗಾತ್ರದ ಕೋಡನ್ನು ಶಂಕಿಸುವ ಮೊದಲು ಇದನ್ನು ನೋಡಿ.

ಹಂತ 6: ಸಂಖ್ಯೆಯನ್ನು ಬರೆಯುವ ರೀತಿ

ಬೈಟ್‌ಗಳನ್ನು ಎಂಬಿಗೆ ಪರಿವರ್ತಿಸುವಾಗ 1024ರಿಂದ ಭಾಗಿಸಬೇಕೇ, 1000ದಿಂದ ಭಾಗಿಸಬೇಕೇ? ಆಂಡ್ರಾಯ್ಡ್‌ನ ಫಾರ್ಮ್ಯಾಟರ್ ಕ್ಲಾಸ್ 8.0 ಆವೃತ್ತಿಯಿಂದ 1000ದ ಲೆಕ್ಕ ಹಿಡಿದಿದೆ, ಅದಕ್ಕೂ ಹಿಂದೆ 1024ರ ಲೆಕ್ಕವಿತ್ತು. ಮೇಲೆ ಹೇಳಿದ ಗ್ಲೈಡ್‌ನ ಮಿತಿಯನ್ನೇ ತೆಗೆದುಕೊಳ್ಳಿ. 250 ಎಂಬಿ ಎಂದು ಕೋಡ್‌ನಲ್ಲಿರುವುದು 1024ರ ಲೆಕ್ಕದಲ್ಲಿ, ಅಂದರೆ 26,21,44,000 ಬೈಟ್. ಅದೇ ಕ್ಯಾಶ್ ತುಂಬಿದಾಗ ಹೊಸ ಫೋನಿನಲ್ಲಿ 262 ಎಂಬಿ ಎಂದು ಕಾಣುತ್ತದೆ. ಮಿತಿ ಮೀರಿತೆಂದು ಗಾಬರಿಪಡುವ ಅಗತ್ಯವಿಲ್ಲ. ನಿಮ್ಮದೇ ಭಾಗಾಕಾರ ಬರೆಯುವ ಬದಲು ಫಾರ್ಮ್ಯಾಟರ್‌ನ ಫಾರ್ಮ್ಯಾಟ್‌ಶಾರ್ಟ್‌ಫೈಲ್‌ಸೈಜ್ ಅಥವಾ ಫಾರ್ಮ್ಯಾಟ್‌ಫೈಲ್‌ಸೈಜ್ ಬಳಸಿದರೆ ಸೆಟ್ಟಿಂಗ್ಸ್‌ನೊಂದಿಗೆ ಹೊಂದಿಕೆಯೂ ಸಿಗುತ್ತದೆ, ಬಳಕೆದಾರರ ಭಾಷೆಗೆ ತಕ್ಕ ಬರಹವೂ ಸಿಗುತ್ತದೆ. ಕೂಡುವುದು ಕಳೆಯುವುದೆಲ್ಲ ಬೈಟ್‌ಗಳಲ್ಲೇ ಮುಗಿಯಲಿ, ಪರಿವರ್ತನೆ ಕೊನೆಯ ಕ್ಷಣಕ್ಕಿರಲಿ. ಬೈಟ್‌ಗಳನ್ನು ಲಾಂಗ್‌ನಲ್ಲೇ ಇಡಿ. ಇಂಟ್‌ನಲ್ಲಿ ಇಟ್ಟರೆ 2 ಜಿಬಿ ದಾಟಿದ ಕೂಡಲೇ ಸಂಖ್ಯೆ ಋಣವಾಗುತ್ತದೆ.

ಹಂತ 7: ತಾಳೆ ನೋಡುವುದು

ಡಿಬಗ್ ಬಿಲ್ಡ್ ಇರುವ ಫೋನನ್ನು ಕಂಪ್ಯೂಟರಿಗೆ ಸೇರಿಸಿ, ಎಡಿಬಿ (ಕಂಪ್ಯೂಟರಿನಿಂದ ಫೋನಿಗೆ ಆದೇಶ ಕೊಡುವ ಸಾಧನ) ಶೆಲ್‌ನಲ್ಲಿ ರನ್‌ಆ್ಯಸ್ ಆದೇಶಕ್ಕೆ ನಿಮ್ಮ ಪ್ಯಾಕೇಜ್ ಹೆಸರು ಕೊಟ್ಟು, ಅದರ ಮೂಲಕ ಡಿಯು ಆದೇಶ ನಡೆಸಿದರೆ ಪ್ರತಿ ಫೋಲ್ಡರ್ ಡಿಸ್ಕ್‌ನಲ್ಲಿ ಹಿಡಿದಿರುವ ಜಾಗ ತಿಳಿಯುತ್ತದೆ. ಇದು ಬ್ಲಾಕ್‌ಗಳ ಲೆಕ್ಕವಾದ್ದರಿಂದ ಸಿಸ್ಟಂನ ಸಂಖ್ಯೆಗೆ ಹತ್ತಿರವಿರುತ್ತದೆ. ಡಂಪ್‌ಸಿಸ್ ಡಿಸ್ಕ್‌ಸ್ಟ್ಯಾಟ್ಸ್ ಎಂಬ ಆದೇಶ ಎಲ್ಲ ಪ್ಯಾಕೇಜ್‌ಗಳ ಆ್ಯಪ್, ಡೇಟಾ, ಕ್ಯಾಶ್ ಗಾತ್ರಗಳ ಪಟ್ಟಿ ಕೊಡುತ್ತದೆ, ಆದರೆ ಅದು ಹಿಂದೆ ಎಂದೋ ಲೆಕ್ಕ ಹಾಕಿ ಇಟ್ಟ ಮಾಹಿತಿ. ಈ ಕ್ಷಣದ ಸಂಖ್ಯೆಯೆಂದು ಭಾವಿಸಬಾರದು.

ಪರೀಕ್ಷೆಗೆ ನಾನು ಅನುಸರಿಸುವ ಕ್ರಮ ಹೀಗಿದೆ. ಕ್ಯಾಶ್ ಫೋಲ್ಡರಿನಲ್ಲಿ ಸರಿಯಾಗಿ 50,000,000 ಬೈಟ್‌ನ ಒಂದು ಫೈಲನ್ನು, ಸೊನ್ನೆಗಳಿಂದಲ್ಲದೆ ಯಾದೃಚ್ಛಿಕ ಬೈಟ್‌ಗಳಿಂದ, ಬರೆಯುತ್ತೇನೆ. ಆಮೇಲೆ ಕ್ಯಾಶ್ 50 ಎಂಬಿ ಏರಬೇಕು, ಡೇಟಾ ಬೈಟ್ಸ್ ಕೂಡ 50 ಎಂಬಿ ಏರಬೇಕು, ಕಳೆದು ತೋರಿಸುವ ಬಳಕೆದಾರರ ಡೇಟಾ ಮಾತ್ರ ಇದ್ದಲ್ಲೇ ಇರಬೇಕು. ಅದೇ ಫೈಲನ್ನು ಅಳಿಸಿ ಫೈಲ್ಸ್ ಫೋಲ್ಡರಿನಲ್ಲಿ ಬರೆದಾಗ ಕ್ಯಾಶ್ ಮೊದಲಿನಂತಾಗಿ ಬಳಕೆದಾರರ ಡೇಟಾ ಏರಬೇಕು. ಈ ಎರಡು ಪರೀಕ್ಷೆಗಳಲ್ಲಿ ಗೆದ್ದ ಕೋಡ್ ಹೊರಗೆ ತಪ್ಪಿದ್ದನ್ನು ನಾನು ಕಂಡಿಲ್ಲ.

ಕ್ಯಾಶ್ ತೆರವು ಮಾಡುವ ಗುಂಡಿ

ಗಾತ್ರ ತೋರಿಸಿದ ಮೇಲೆ ತೆರವು ಮಾಡುವ ಗುಂಡಿ ಇಡುವುದು ಸಹಜ. ಆದರೆ ಲೈಬ್ರರಿಗಳು ತೆರೆದಿಟ್ಟುಕೊಂಡಿರುವ ಫೈಲ್‌ಗಳನ್ನು ಅವುಗಳ ಅರಿವಿಗೆ ಬಾರದಂತೆ ಅಳಿಸಿದರೆ ಅವುಗಳ ಒಳಗಿನ ಪಟ್ಟಿಗೂ ಡಿಸ್ಕ್‌ಗೂ ತಾಳ ತಪ್ಪುತ್ತದೆ. ಗ್ಲೈಡ್‌ಗೆ ಕ್ಲಿಯರ್‌ಡಿಸ್ಕ್‌ಕ್ಯಾಶ್ ಇದೆ, ಅದನ್ನು ಹಿನ್ನೆಲೆಯ ಥ್ರೆಡ್‌ನಲ್ಲೇ ಕರೆಯಬೇಕು. ಓಕೆಎಚ್‌ಟಿಟಿಪಿಯ ಕ್ಯಾಶ್‌ಗೆ ಎವಿಕ್ಟ್‌ಆಲ್ ಇದೆ. ವೆಬ್‌ವ್ಯೂಗೆ ಕ್ಲಿಯರ್‌ಕ್ಯಾಶ್ ಇದೆ. ಇವೆಲ್ಲ ಮುಗಿದ ಮೇಲೆ ಉಳಿದ ನಿಮ್ಮ ಫೈಲ್‌ಗಳನ್ನು ಅಳಿಸಿ, ಕ್ಯಾಶ್ ಫೋಲ್ಡರನ್ನು ಮಾತ್ರ ಹಾಗೇ ಬಿಡಿ. ನಂತರ ಸಿಸ್ಟಂನಿಂದ ಹೊಸದಾಗಿ ಲೆಕ್ಕ ಕೇಳಿ ತೋರಿಸಿ. ಅಳಿಸಿದೆನಲ್ಲ ಎಂದು ಪರದೆಯ ಮೇಲೆ ಸೊನ್ನೆ ಬರೆಯಬೇಡಿ. ಚಾಲ್ತಿಯಲ್ಲಿರುವ ಆ್ಯಪ್‌ನ ಕ್ಯಾಶ್ ಪೂರ್ತಿ ಸೊನ್ನೆಗೆ ಇಳಿಯುವುದು ಅಪರೂಪ, ಮತ್ತು ಕೆಲವು ಕೆಬಿ ಉಳಿದರೆ ಅದನ್ನು ಮರೆಮಾಚುವ ಕಾರಣವೂ ಇಲ್ಲ.

ಐಒಎಸ್‌ನಲ್ಲಿ

ಐಒಎಸ್ ಆ್ಯಪ್‌ನ ಗಾತ್ರವನ್ನು ಒಂದೇ ಕರೆಯಲ್ಲಿ ಹೇಳುವ ಸಾರ್ವಜನಿಕ ಎಪಿಐ ಕೊಡುವುದಿಲ್ಲ, ಬೇರೆ ಆ್ಯಪ್‌ಗಳ ಗಾತ್ರವಂತೂ ಸಿಗುವುದೇ ಇಲ್ಲ. ನಮ್ಮ ಆ್ಯಪ್‌ನ ಫೋಲ್ಡರ್‌ಗಳನ್ನು ನಾವೇ ಎಣಿಸಬೇಕು. ಡಾಕ್ಯುಮೆಂಟ್ಸ್, ಲೈಬ್ರರಿಯೊಳಗಿನ ಅಪ್ಲಿಕೇಶನ್ ಸಪೋರ್ಟ್, ಅದೇ ಲೈಬ್ರರಿಯೊಳಗಿನ ಕ್ಯಾಶಸ್, ಮತ್ತು ಟಿಎಂಪಿ ಇವು ಮುಖ್ಯವಾದವು. ಕೊನೆಯ ಎರಡನ್ನು ಕ್ಯಾಶ್ ಎಂದು ತೋರಿಸಬಹುದು, ಏಕೆಂದರೆ ಜಾಗ ಬೇಕಾದಾಗ ಸಿಸ್ಟಂ ಇವನ್ನು ತಾನೇ ಅಳಿಸಬಲ್ಲದು. ಆ್ಯಪ್‌ನದೇ ಗಾತ್ರಕ್ಕೆ ಮುಖ್ಯ ಬಂಡಲ್‌ನ ಯುಆರ್‌ಎಲ್‌ನಿಂದ ಎಣಿಕೆ ಆರಂಭಿಸಿ.

ಫೈಲ್‌ಮ್ಯಾನೇಜರ್‌ನ ಎನ್ಯುಮರೇಟರ್‌ಗೆ ಫೋಲ್ಡರನ್ನು ಕೊಡುವಾಗ, ಬೇಕಾದ ಗುಣಗಳ ಪಟ್ಟಿಯಲ್ಲಿ ಟೋಟಲ್‌ಫೈಲ್‌ಅಲೊಕೇಟೆಡ್‌ಸೈಜ್ ಎಂಬುದನ್ನು ಮೊದಲೇ ಸೇರಿಸಿ. ಹೀಗೆ ಮಾಡಿದರೆ ಪ್ರತಿ ಫೈಲಿಗೂ ಮತ್ತೆ ಡಿಸ್ಕ್‌ಗೆ ಹೋಗಬೇಕಾಗುವುದಿಲ್ಲ. ಫೈಲ್‌ಸೈಜ್ ಎಂಬ ಇನ್ನೊಂದು ಗುಣ ಉದ್ದವನ್ನು ಮಾತ್ರ ಹೇಳುತ್ತದೆ. ಆಂಡ್ರಾಯ್ಡ್‌ನಲ್ಲಿ ಕಂಡ ಉದ್ದ ಮತ್ತು ಜಾಗದ ಅಂತರ ಇಲ್ಲಿಯೂ ಹಾಗೆಯೇ ಇದೆ. ಇದರ ಮೇಲೆ ಇನ್ನೊಂದು ಸೂಕ್ಷ್ಮವೂ ಸೇರುತ್ತದೆ. 2017ರಲ್ಲಿ ಐಒಎಸ್ 10.3ರೊಂದಿಗೆ ಬಂದ ಎಪಿಎಫ್‌ಎಸ್ ಫೈಲ್ ಸಿಸ್ಟಂನಲ್ಲಿ ಒಂದು ಫೈಲಿನ ಪ್ರತಿ ಮಾಡಿದಾಗ ಎರಡೂ ಒಂದೇ ಬ್ಲಾಕ್‌ಗಳನ್ನು ಹಂಚಿಕೊಳ್ಳಬಹುದು. ಆಗ ನಮ್ಮ ಎಣಿಕೆಯ ಮೊತ್ತ ನಿಜವಾಗಿ ಹೋದ ಜಾಗಕ್ಕಿಂತ ಹೆಚ್ಚು ಬರುತ್ತದೆ. ಆದ್ದರಿಂದ ಐಫೋನ್ ಸ್ಟೋರೇಜ್ ಪುಟದ ಸಂಖ್ಯೆಗೆ ಅಕ್ಷರಶಃ ಹೊಂದಿಸಲು ಹೋಗದೆ, ನಮ್ಮ ಪುಟದಲ್ಲಿ "ಸುಮಾರು" ಎಂಬ ಪದವನ್ನು ಸೇರಿಸುವುದೇ ಸರಿ ಎಂದು ನನಗೆ ತೋರುತ್ತದೆ.

ನೆಟ್‌ವರ್ಕ್ ಉತ್ತರಗಳ ಕ್ಯಾಶ್‌ಗೆ ಯುಆರ್‌ಎಲ್‌ಕ್ಯಾಶ್‌ನ ಕರೆಂಟ್‌ಡಿಸ್ಕ್‌ಯೂಸೇಜ್ ನೋಡಿದರೆ ಸಾಕು. ಫೋನಿನಲ್ಲಿ ಒಟ್ಟು ಎಷ್ಟು ಜಾಗ ಉಳಿದಿದೆ ಎಂಬುದನ್ನೂ ತೋರಿಸುವುದಾದರೆ, ಆ ಮಾಹಿತಿ ಕೊಡುವ ಎಪಿಐಗಳನ್ನು ಆಪಲ್ ಕಾರಣ ನೀಡಿ ಬಳಸಬೇಕಾದ ಎಪಿಐಗಳ ಗುಂಪಿಗೆ ಸೇರಿಸಿದೆ. 2024ರ ಮೇ ತಿಂಗಳಿನಿಂದ ಆ್ಯಪ್ ಸ್ಟೋರ್‌ಗೆ ಕಳುಹಿಸುವ ಆ್ಯಪ್‌ಗಳಲ್ಲಿ ಆ ಕಾರಣವನ್ನು ಪ್ರೈವಸಿ ಮ್ಯಾನಿಫೆಸ್ಟ್‌ನಲ್ಲಿ ನಮೂದಿಸಿರಬೇಕು, ಇಲ್ಲವಾದರೆ ಸಲ್ಲಿಕೆ ತಿರಸ್ಕಾರವಾಗುತ್ತದೆ.